ಹನ್ನೆರಡು ಅಡಿಯ ಪಡಸಾಲೆಗೆ 600 ವ್ಯಾಟ್‌ನ ಮೂರು ದೀಪ ಬೇಕೇ?

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ಒಂದು ಊರಿನಲ್ಲಿ ಹದಿನಾಲ್ಕು ವರ್ಷಗಳಿಂದ ಸ್ಟುಡಿಯೊ ನಡೆಸುತ್ತಿದ್ದೇನೆ. ಇದುವರೆಗೆ ಪಾಸ್‌ಪೋರ್ಟ್ ಅಳತೆಯ ಫೋಟೊ, ಮದುವೆ, ಸೀಮಂತಗಳ ಕೆಲಸವೇ ಹೆಚ್ಚು. ಈಗ ಹಳೆಯ ಮನೆಯ ಪಡಸಾಲೆಯನ್ನು ಸ್ಟುಡಿಯೊ ಮಾಡಿಕೊಂಡು ಇಳಕಲ್ ಸೀರೆ ಮಾರುವವರಿಗೆ ಕ್ಯಾಟಲಾಗ್ ಚಿತ್ರಗಳನ್ನೂ ಕುಟುಂಬದ ಭಾವಚಿತ್ರಗಳನ್ನೂ ತೆಗೆದುಕೊಡಬೇಕೆಂದಿದ್ದೇನೆ. ಕೋಣೆ 12 ಅಡಿ ಅಗಲ, 18 ಅಡಿ ಉದ್ದ, 9 ಅಡಿ ಎತ್ತರವಿದೆ. ಗೋಡೆಗೆ ತಿಳಿಹಸಿರು ಬಣ್ಣ, ನೆಲ ಕೆಂಪು ಗಾರೆ. ಅಂಗಡಿಯವರು 600 ವ್ಯಾಟ್‌ನ ಮೂರು ಸ್ಟ್ರೋಬ್‌ಗಳ, ಅಂದರೆ ಸ್ಟುಡಿಯೊ ಫ್ಲ್ಯಾಶ್ ದೀಪಗಳ, ಕಿಟ್ ತೆಗೆದುಕೊಳ್ಳಿ ಎನ್ನುತ್ತಾರೆ. ಗೆಳೆಯರೊಬ್ಬರು ಇನ್ನು ಮುಂದೆ ಎಲ್‌ಇಡಿ ಕಾಲ, ಸ್ಟ್ರೋಬ್ ಬೇಡ ಎನ್ನುತ್ತಾರೆ. ನನ್ನ ಬಳಿ ಈಗ ಎರಡು ಹಳೆಯ ಫ್ಲ್ಯಾಶ್ ದೀಪಗಳೂ 40 ಸೆಂಟಿಮೀಟರ್ ಚೌಕದ ಎರಡು ಸಾಫ್ಟ್‌ಬಾಕ್ಸ್‌ಗಳೂ, ಅಂದರೆ ದೀಪಕ್ಕೆ ಸಿಕ್ಕಿಸುವ ಬಿಳಿ ಮುಂಬಟ್ಟೆಯ ಪೆಟ್ಟಿಗೆಗಳೂ, ಇವೆ. ಅವುಗಳಲ್ಲಿ ತೆಗೆದರೆ ಕಪ್ಪು ಮೈಬಣ್ಣದವರ ಹಣೆ, ಕೆನ್ನೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತವೆ, ಸೀರೆಯ ಸೆರಗು ಬಿಳಿಚಿಕೊಳ್ಳುತ್ತದೆ. ನಮ್ಮಲ್ಲಿ ಆಗಾಗ ಕರೆಂಟ್ ಹೋಗುತ್ತದೆ. ಒಂದು ಲಕ್ಷ ರೂಪಾಯಿಯೊಳಗೆ ಏನು ಮಾಡಬಹುದು? ಸಾಲ ಮಾಡಿ ಕೊಂಡ ಮೇಲೆ ಪಶ್ಚಾತ್ತಾಪ ಪಡುವ ಹಾಗಾಗಬಾರದು.

ಉತ್ತರ: ಕೋಣೆಯ ಅಳತೆ, ಗೋಡೆಯ ಬಣ್ಣ, ಈಗಿರುವ ಸಾಮಾನು ಎಲ್ಲವನ್ನೂ ಬರೆದು ಕಳುಹಿಸಿರುವುದರಿಂದ ನಿಮಗೆ ನಿರ್ದಿಷ್ಟವಾಗಿಯೇ ಉತ್ತರಿಸಬಹುದು. ನೀವು ಕೇಳಿರುವುದು ಯಾವ ದೀಪ ಕೊಳ್ಳಬೇಕೆಂದು. ಆದರೆ ಪತ್ರವನ್ನು ಎರಡು ಸಲ ಓದಿದಾಗ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಹಣೆಯ ಹೊಳಪು ಮತ್ತು ಬಿಳಿಚಿಕೊಂಡ ಸೆರಗು ಎಂದು ನನಗೆ ತೋರಿತು. ಈ ಎರಡು ತೊಂದರೆಗಳಿಗೂ ದೀಪದ ವ್ಯಾಟಿಗೂ ಸಂಬಂಧವಿಲ್ಲ. 600 ವ್ಯಾಟ್‌ನ ಹೊಸ ದೀಪವನ್ನು ತಂದು ಅದೇ 40 ಸೆಂಟಿಮೀಟರ್‌ನ ಸಾಫ್ಟ್‌ಬಾಕ್ಸಿಗೆ ಸಿಕ್ಕಿಸಿ, ಅದೇ ಜಾಗದಲ್ಲಿ ನಿಲ್ಲಿಸಿದರೆ ಅದೇ ಹಣೆ ಅಷ್ಟೇ ಹೊಳೆಯುತ್ತದೆ. ಆದ್ದರಿಂದ ದೀಪದ ವಿಷಯಕ್ಕೆ ಬರುವ ಮೊದಲು ಹೊಳಪಿನ ಕಾರಣವನ್ನು ಹೇಳುತ್ತೇನೆ.

ನಮ್ಮ ಚರ್ಮದಿಂದ ಬೆಳಕು ಎರಡು ಬಗೆಯಲ್ಲಿ ಹಿಂದಿರುಗುತ್ತದೆ. ಒಂದಷ್ಟು ಬೆಳಕು ಚರ್ಮದೊಳಕ್ಕೆ ಹೋಗಿ, ಅದರ ಬಣ್ಣವನ್ನು ಹೊತ್ತುಕೊಂಡು, ಎಲ್ಲ ದಿಕ್ಕಿಗೂ ಚೆದುರಿ ಹೊರಬರುತ್ತದೆ. ಇನ್ನೊಂದಷ್ಟು ಬೆಳಕು ಮೇಲ್ಮೈಯ ಎಣ್ಣೆ ಮತ್ತು ಬೆವರಿನ ಪದರದಿಂದಲೇ, ಕನ್ನಡಿಯಿಂದ ಮರಳಿದಂತೆ, ದೀಪದ ಬಣ್ಣದಲ್ಲೇ ಮರಳುತ್ತದೆ. ಈ ಎರಡನೆಯ ಬೆಳಕು ಗೌರವರ್ಣದವರಲ್ಲೂ ಕಪ್ಪು ಮೈಬಣ್ಣದವರಲ್ಲೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ಕಪ್ಪು ಮೈಬಣ್ಣದಲ್ಲಿ ಒಳಗಿನಿಂದ ಬರುವ ಬೆಳಕು ಕಡಿಮೆಯಿರುವುದರಿಂದ ಮೇಲಿನ ಹೊಳಪು ಎದ್ದು ಕಾಣುತ್ತದೆ, ಅಷ್ಟೇ. ಕಪ್ಪು ಮೈಬಣ್ಣಕ್ಕೆ ಹೆಚ್ಚು ಬೆಳಕು ಸುರಿಯಬೇಕು ಎಂಬ ಮಾತು ನಮ್ಮ ವೃತ್ತಿಯಲ್ಲಿ ಹಳೆಯದು, ಮತ್ತು ಅದು ಬಹಳ ಮುಖಗಳನ್ನು ಕೆಡಿಸಿದೆ ಎಂದು ನಾನು ಬೇಸರದಿಂದಲೇ ಹೇಳಬೇಕು. ಬೆಳಕನ್ನು ಹೆಚ್ಚಿಸಿದಂತೆ ಹೊಳಪೂ ಅದೇ ಲೆಕ್ಕದಲ್ಲಿ ಹೆಚ್ಚುತ್ತದೆ, ಜೊತೆಗೆ ಆ ಮುಖದ ಸಹಜ ಬಣ್ಣವೂ ತೊಳೆದು ಹೋಗುತ್ತದೆ.

ಆ ಹೊಳಪು ಎಂದರೆ ಚರ್ಮದಲ್ಲಿ ಕಾಣುವ ನಿಮ್ಮ ಸಾಫ್ಟ್‌ಬಾಕ್ಸಿನ ಪ್ರತಿಬಿಂಬ. ಅದು ಎಷ್ಟು ಕಣ್ಣಿಗೆ ಹೊಡೆಯುತ್ತದೆ ಎಂಬುದು ಸಾಫ್ಟ್‌ಬಾಕ್ಸಿನ ಮುಂಬಟ್ಟೆಯ ಪ್ರತಿ ಅಂಗುಲ ಎಷ್ಟು ಪ್ರಖರವಾಗಿದೆ ಎಂಬುದನ್ನು ಅವಲಂಬಿಸಿದೆ. 40 ಸೆಂಟಿಮೀಟರ್ ಚೌಕದ ವಿಸ್ತೀರ್ಣ 1600 ಚದರ ಸೆಂಟಿಮೀಟರ್. 90 ಸೆಂಟಿಮೀಟರ್‌ನ ಎಂಟು ಮೂಲೆಯ ಸಾಫ್ಟ್‌ಬಾಕ್ಸ್, ಅಂದರೆ ನಾವು ಆಕ್ಟಾ ಎನ್ನುವುದು, ಅದರ ಸುಮಾರು ನಾಲ್ಕು ಪಟ್ಟು. ಎರಡನ್ನೂ ಒಂದೇ ದೂರದಲ್ಲಿಟ್ಟು ಮುಖಕ್ಕೆ ಒಂದೇ ಎಕ್ಸ್‌ಪೋಷರ್ ಬರುವಂತೆ ಹೊಂದಿಸಿದರೆ, ದೊಡ್ಡದರ ಬಟ್ಟೆಯ ಪ್ರಖರತೆ ಸಣ್ಣದರ ಕಾಲು ಭಾಗವಿರುತ್ತದೆ. ಮೈಬಣ್ಣ ಇದ್ದಂತೆಯೇ ಇದ್ದು ಹೊಳಪು ಮಾತ್ರ ಎರಡು ಸ್ಟಾಪ್ ಇಳಿಯುತ್ತದೆ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಅಥವಾ ಅರ್ಧವಾಗುವುದು. ಕೆನ್ನೆಯ ಮೇಲೆ ಬಿಳಿ ಚುಕ್ಕೆಯಂತೆ ಕಾಣುತ್ತಿದ್ದದ್ದು ಅಗಲವಾದ ಮೆಲುಕಾಂತಿಯಾಗಿ ಹರಡುತ್ತದೆ. ಕಪ್ಪು ಮೈಬಣ್ಣದ ಸೊಬಗು ಇರುವುದೇ ಆ ಕಾಂತಿಯಲ್ಲಿ. ಅದನ್ನು ಪೌಡರ್ ಬಳಿದು ಪೂರ್ತಿ ಅಳಿಸಬಾರದು. ಹಣೆಯ ಬೆವರನ್ನು ಒಣ ಬಟ್ಟೆಯಲ್ಲಿ ಒತ್ತಿ ತೆಗೆದರೆ ಸಾಕು.

ಇಲ್ಲಿ ದೂರದ ಮಾತು ಬಹಳ ಮುಖ್ಯ. ಸಾಫ್ಟ್‌ಬಾಕ್ಸ್ ಬೆಳಕನ್ನು ಮೃದುಗೊಳಿಸುವುದು ಅದರ ಬಿಳಿ ಬಟ್ಟೆಯ ಗುಣದಿಂದ ಎಂದು ಅನೇಕರು ನಂಬಿದ್ದಾರೆ. ಬಟ್ಟೆಯ ಕೆಲಸ ಬೆಳಕನ್ನು ಸಾಫ್ಟ್‌ಬಾಕ್ಸಿನ ಇಡೀ ಮುಂಬದಿಗೆ ಸಮನಾಗಿ ಹರಡುವುದಷ್ಟೇ. ಮೃದುತ್ವ ಬರುವುದು ಕುಳಿತ ವ್ಯಕ್ತಿಯ ಜಾಗದಿಂದ ನೋಡಿದಾಗ ಆ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದ. ಮೂರು ಅಡಿ ದೂರದ 90 ಸೆಂಟಿಮೀಟರ್ ಆಕ್ಟಾ ಮತ್ತು ಆರು ಅಡಿ ದೂರದ 180 ಸೆಂಟಿಮೀಟರ್ ಆಕ್ಟಾ ಎರಡರ ನೆರಳಿನ ಅಂಚೂ ಒಂದೇ ಬಗೆಯಾಗಿರುತ್ತದೆ. ಸೂರ್ಯ ಎಷ್ಟು ದೊಡ್ಡವನಾದರೂ ದೂರದಲ್ಲಿರುವುದರಿಂದಲೇ ಮಧ್ಯಾಹ್ನದ ನೆರಳು ಅಷ್ಟು ಗಡುಸು. ನಿಮ್ಮ ಸಣ್ಣ ಸಾಫ್ಟ್‌ಬಾಕ್ಸ್‌ಗಳನ್ನು ಚೌಕಟ್ಟಿನ ಅಂಚಿಗೆ ತಾಗುವಷ್ಟು ಹತ್ತಿರ ತಂದು ಒಮ್ಮೆ ತೆಗೆದು ನೋಡಿ. ಇದನ್ನು ತಿಳಿಯಲು ಒಂದು ರೂಪಾಯಿಯೂ ಬೇಡ.

ಈಗ ವ್ಯಾಟಿನ ಮಾತು. ಸ್ಟ್ರೋಬಿನ ಮೇಲೆ ಬರೆದ 400, 600 ಎಂಬ ಸಂಖ್ಯೆ ವ್ಯಾಟ್‌ನದ್ದಲ್ಲ, ವ್ಯಾಟ್-ಸೆಕೆಂಡ್‌ನದು. ಅಂದರೆ ಒಳಗಿನ ಕೆಪಾಸಿಟರ್‌ನಲ್ಲಿ ಎಷ್ಟು ಜೂಲ್ ಶಕ್ತಿ ಕೂಡಿಡಬಹುದು ಎಂಬುದು. ಅದು ಹೊರಬರುವ ಬೆಳಕಿನ ನೇರ ಅಳತೆಯೂ ಅಲ್ಲ, ಏಕೆಂದರೆ ಮಿಂಚು ಹೊಮ್ಮಿಸುವ ಗಾಜಿನ ಕೊಳವೆಯ ದಕ್ಷತೆ ಮತ್ತು ಹಿಂದಿನ ರಿಫ್ಲೆಕ್ಟರ್ ಬದಲಾದಂತೆ ಒಂದೇ ಸಂಖ್ಯೆಯ ಎರಡು ದೀಪಗಳು ಬೇರೆ ಬೇರೆ ಬೆಳಕು ಕೊಡುತ್ತವೆ. ಫ್ಲ್ಯಾಶಿನ ಬಲವನ್ನು ಹೇಳುವ ಗೈಡ್ ನಂಬರ್ ಕೂಡ ಯಾವ ರಿಫ್ಲೆಕ್ಟರ್ ಹಾಕಿ ಅಳೆದರು ಎಂದು ಹೇಳದಿದ್ದರೆ ಹೋಲಿಕೆಗೆ ಬಾರದು. ಶಕ್ತಿ ಇಮ್ಮಡಿಯಾದರೆ ಸಿಗುವುದು ಒಂದೇ ಒಂದು ಸ್ಟಾಪ್. 400ರಿಂದ 600ಕ್ಕೆ ಹೋದರೆ ಅರ್ಧ ಸ್ಟಾಪಿಗಿಂತ ಸ್ವಲ್ಪ ಹೆಚ್ಚು. ಆ ಅರ್ಧ ಸ್ಟಾಪನ್ನು ಕ್ಯಾಮೆರಾದ ಐಎಸ್‌ಒ, ಅಂದರೆ ಬೆಳಕಿನ ಸಂವೇದನೆಯ ಅಂಕಿಯನ್ನು, 100ರಿಂದ 160ಕ್ಕೆ ತಿರುಗಿಸಿ ಪುಕ್ಕಟೆಯಾಗಿ ಪಡೆಯಬಹುದು.

ನನ್ನ ಸ್ಟುಡಿಯೊದ ಅಳತೆ ಹೇಳುತ್ತೇನೆ. 400 ವ್ಯಾಟ್-ಸೆಕೆಂಡ್‌ನ ದೀಪವನ್ನು ಒಳಪದರ, ಹೊರಪದರ ಎರಡೂ ಇರುವ 90 ಸೆಂಟಿಮೀಟರ್ ಆಕ್ಟಾದಲ್ಲಿ ಹಾಕಿ ಒಂದು ಮೀಟರ್ ದೂರದಿಂದ ಪೂರ್ತಿ ಶಕ್ತಿಯಲ್ಲಿ ಹೊಡೆದರೆ ಐಎಸ್‌ಒ 100ರಲ್ಲಿ ಲೆನ್ಸಿನ ತೆರಪಿನ ಅಂಕಿ ಎಫ್ 16ರ ಆಸುಪಾಸು ಬರುತ್ತದೆ, ಅಂಕಿ ದೊಡ್ಡದಾದಷ್ಟೂ ತೆರಪು ಚಿಕ್ಕದು. ಭಾವಚಿತ್ರಕ್ಕೆ ಎಫ್ 5.6 ಬೇಕೆಂದರೆ ಮೂರು ಸ್ಟಾಪ್ ಇಳಿಸಿ 1/8 ಶಕ್ತಿಯಲ್ಲಿ ಕೆಲಸ ಮಾಡಬೇಕಾಗುತ್ತದೆ. ಹಿನ್ನೆಲೆ ಮಸುಕಾಗಲೆಂದು ಎಫ್ 2.8ಕ್ಕೆ ಹೋದರೆ 1/32 ಬೇಕು. ಕಡಿಮೆ ಬೆಲೆಯ ಅನೇಕ ದೀಪಗಳು 1/16ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಂಥ 400ರ ದೀಪ ನಿಮ್ಮನ್ನು ಎಫ್ 4ರಲ್ಲಿ ನಿಲ್ಲಿಸಿದರೆ, ಅಂಥದೇ 600ರ ದೀಪ ಎಫ್ 4.8ರಷ್ಟಕ್ಕೇ ನಿಲ್ಲಿಸುತ್ತದೆ. ಆಗ ಬೆಳಕು ಕಡಿಮೆ ಮಾಡಲು ದೀಪವನ್ನು ದೂರ ಸರಿಸುತ್ತೀರಿ, ದೂರ ಸರಿಸಿದೊಡನೆ ಮೃದುತ್ವ ಹೋಗುತ್ತದೆ, ಮತ್ತೆ ಹಣೆ ಹೊಳೆಯುತ್ತದೆ. ನಿಮ್ಮಂಥ ಕೋಣೆಗೆ ದೀಪ ಎಷ್ಟು ಹೆಚ್ಚು ಬೆಳಕು ಕೊಡಬಲ್ಲದು ಎಂಬುದಕ್ಕಿಂತ ಎಷ್ಟು ಕಡಿಮೆ ಕೊಡಬಲ್ಲದು ಎಂದು ಕೇಳಬೇಕು. ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿ. 1/128 ಅಥವಾ 1/256ರವರೆಗೆ ಇಳಿಯುವ ದೀಪಗಳು ಈಗ ಮಧ್ಯಮ ಬೆಲೆಯಲ್ಲೂ ಸಿಗುತ್ತವೆ.

ಕುಟುಂಬದ ಗುಂಪಿಗೆ ಶಕ್ತಿ ಸಾಲುವುದೇ ಎಂಬ ಅನುಮಾನ ಬರಬಹುದು. ದೀಪವನ್ನು ಒಂದರಿಂದ ಮೂರು ಮೀಟರ್‌ಗೆ ಸರಿಸಿದರೆ ಬೆಳಕು ಒಂಬತ್ತನೆಯ ಒಂದು ಭಾಗವಾಗುತ್ತದೆ, ಅಂದರೆ ಸುಮಾರು ಮೂರು ಸ್ಟಾಪ್ ಕಡಿಮೆ. ಪೂರ್ತಿ ಶಕ್ತಿಯಲ್ಲಿ ಎಫ್ 5.6 ಉಳಿಯುತ್ತದೆ, ಐಎಸ್‌ಒ 400 ಮಾಡಿಕೊಂಡರೆ ಎಫ್ 11. ಎರಡು ಸಾಲಿನಲ್ಲಿ ಹತ್ತು ಜನ ಕುಳಿತರೂ ಎಲ್ಲರೂ ಸ್ಪಷ್ಟವಾಗಿ ಬರಲು ಅಷ್ಟು ಸಾಕು.

ನಿಮ್ಮ ಗೆಳೆಯರು ಹೇಳಿದ ಎಲ್‌ಇಡಿ ಕೆಟ್ಟ ಆಯ್ಕೆಯಲ್ಲ, ಆದರೆ ಲೆಕ್ಕ ನೋಡಬೇಕು. 200 ವ್ಯಾಟ್‌ನ ಎಲ್‌ಇಡಿ ದೀಪ 1/125 ಸೆಕೆಂಡಿನಲ್ಲಿ ಬಳಸುವ ಶಕ್ತಿ 1.6 ಜೂಲ್. 400ರ ಸ್ಟ್ರೋಬ್ 1/8ರಲ್ಲಿ ಬಿಡುವುದು 50 ಜೂಲ್. ಎಲ್‌ಇಡಿ ಒಂದೊಂದು ವ್ಯಾಟಿಗೆ ಸ್ಟ್ರೋಬಿನ ಕ್ಸೆನಾನ್ ಕೊಳವೆಗಿಂತ ಹೆಚ್ಚು ಬೆಳಕು ಕೊಡುತ್ತದೆಯಾದರೂ ಆ ಅಂತರ ಅದರಿಂದ ತುಂಬುವುದಿಲ್ಲ. ಹಾಗಾಗಿ ಐಎಸ್‌ಒ ಏರಿಸಬೇಕು, ಅಥವಾ ಶಟರ್ ನಿಧಾನ ಮಾಡಬೇಕು. ನಿಧಾನ ಮಾಡಿದರೆ ಚಿಕ್ಕ ಮಕ್ಕಳ ಕೈ, ತೂಗಾಡುವ ಸೆರಗು ಅಲುಗುತ್ತವೆ. ಕಣ್ಣೆದುರು ಪ್ರಖರವಾದ ಬೆಳಕು ಒಂದೇ ಸಮ ಉರಿಯುತ್ತಿದ್ದರೆ ಅಭ್ಯಾಸವಿಲ್ಲದವರು ಕಣ್ಣು ಕಿರಿದುಮಾಡುತ್ತಾರೆ. ಹೊರಗಿನ ಬಿಸಿಲು ಪಡಸಾಲೆಯ ಬಾಗಿಲಿನಿಂದ ಒಳಬಂದರೆ ಎಲ್‌ಇಡಿ ಬೆಳಕಿನೊಂದಿಗೆ ಬೆರೆತು ಬಣ್ಣ ಕೆಡುತ್ತದೆ; ಸ್ಟ್ರೋಬಾದರೆ 1/160ರಲ್ಲಿ ಆ ಬಿಸಿಲನ್ನು ಬಹುಪಾಲು ನುಂಗಿಹಾಕುತ್ತದೆ. ಆದರೆ ಸೀರೆ ವ್ಯಾಪಾರಿಗಳು ಇಂದು ಚಿತ್ರದ ಜೊತೆಗೆ ವಿಡಿಯೊವನ್ನೂ ಕೇಳುತ್ತಾರೆ, ಮತ್ತು ಅದಕ್ಕೆ ಸ್ಟ್ರೋಬ್ ಉಪಯೋಗಕ್ಕೆ ಬಾರದು. ನಿಮ್ಮ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ವಿಡಿಯೊ ಆಗುವ ಸಂಭವವಿದ್ದರೆ ನನ್ನ ಸಲಹೆ ತಿರುಗುಮುರುಗಾಗುತ್ತದೆ. ಕೊಳ್ಳುವ ಮೊದಲು ನಾಲ್ಕಾರು ವ್ಯಾಪಾರಿಗಳನ್ನು ಕೇಳಿ ನೋಡಿ.

ಇನ್ನು ಕೋಣೆ. ನೀವು ಗೋಡೆಯ ಮತ್ತು ನೆಲದ ಬಣ್ಣವನ್ನು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ ಗೋಡೆ ನೆಲಗಳೂ ದೀಪಗಳೇ. ಸಾಫ್ಟ್‌ಬಾಕ್ಸಿನ ಬದಿಯಿಂದ ಸೋರಿದ ಬೆಳಕು ತಿಳಿಹಸಿರು ಗೋಡೆಗೆ ಬಡಿದು ಮುಖದ ನೆರಳಿನ ಬದಿಗೆ ಹಸಿರು ಛಾಯೆ ಬಳಿಯುತ್ತದೆ. ನೆಲಕ್ಕೆ ಬಿದ್ದದ್ದು ಗದ್ದದ ಕೆಳಗೆ ಕೆಂಪಾಗಿ ಏರುತ್ತದೆ. ಒಂದೇ ಮುಖದಲ್ಲಿ ಎರಡು ಬಣ್ಣ ಎರಡು ಜಾಗದಲ್ಲಿ ಕುಳಿತಿರುವುದರಿಂದ ಇಡೀ ಚಿತ್ರದ ಬಣ್ಣವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸ್ ತಿದ್ದಿ ಎರಡನ್ನೂ ಕಳೆಯಲಾಗದು. ನಾನು ವೃತ್ತಿ ಆರಂಭಿಸಿದ್ದೂ ಕೆಂಪು ಗಾರೆಯ ಕೋಣೆಯಲ್ಲೇ. ಪ್ರಿಂಟ್‌ಗಳಲ್ಲಿ ಹೆಂಗಸರ ಕುತ್ತಿಗೆ ಕೆಂಪಾಗಿ ಬರುತ್ತಿದ್ದಾಗ ತಿಂಗಳುಗಟ್ಟಲೆ ಲ್ಯಾಬಿನವರ ಮೇಲೆ ಸಂಶಯಪಟ್ಟೆ. ಒಂದು ದಿನ ನೆಲದ ಮೇಲೆ ಬೂದು ಬಣ್ಣದ ಜಮಖಾನ ಹಾಸಿದಾಗ ಕೆಂಪು ಮಾಯವಾಯಿತು. ಆದ್ದರಿಂದ ಮೊದಲ ಖರ್ಚು ಸುಣ್ಣ ಬಣ್ಣದವರಿಗೆ. ಛಾವಣಿಗೂ ಉದ್ದನೆಯ ಒಂದು ಗೋಡೆಗೂ ಹೊಳಪಿಲ್ಲದ ಅಚ್ಚ ಬಿಳಿ ಬಣ್ಣ ಹೊಡೆಸಿ. ಎದುರಿನ ಗೋಡೆಗೆ ಪರದೆಯ ಕಂಬಿ ಹಾಕಿಸಿ ದಪ್ಪನೆಯ ಕಪ್ಪು ಬಟ್ಟೆ ತೂಗುಹಾಕಿ, ಬೇಕಾದಾಗ ಎಳೆಯುವಂತಿರಲಿ. ನೆಲಕ್ಕೆ ಬೂದು ಹಾಸು. ಬಿಳಿ ಗೋಡೆ ನಿಮ್ಮ ಅತ್ಯಂತ ದೊಡ್ಡ ಸಾಫ್ಟ್‌ಬಾಕ್ಸ್ ಆಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಛಾವಣಿಯ ಎತ್ತರವೂ ಆಯ್ಕೆಯನ್ನು ಕಟ್ಟಿಹಾಕುತ್ತದೆ. ಎಲ್ಲರೂ ಹೊಗಳುವ 120 ಸೆಂಟಿಮೀಟರ್ ಆಕ್ಟಾ ನಾಲ್ಕು ಅಡಿ ಅಡ್ಡಗಲದ್ದು. ನಿಂತವರ ಮುಖಕ್ಕೆ ಮೇಲಿನಿಂದ ಬೆಳಕು ಬೀಳಬೇಕಾದರೆ ಅದರ ನಡುಮಧ್ಯ ಏಳು ಅಡಿ ಎತ್ತರದಲ್ಲಾದರೂ ಇರಬೇಕು. ಮೇಲಂಚು ಒಂಬತ್ತು ಅಡಿಗೆ, ಅಂದರೆ ಸರಿಯಾಗಿ ನಿಮ್ಮ ಛಾವಣಿಗೆ ತಾಗುತ್ತದೆ. ಸ್ವಲ್ಪ ಕೆಳಗೆ ಬಾಗಿಸಲೂ ಜಾಗವಿರುವುದಿಲ್ಲ. ಕುಳಿತವರಿಗೆ ಅದು ಸರಿ, ನಿಂತವರಿಗೆ ಆಗದು. 90 ಸೆಂಟಿಮೀಟರ್‌ನದು ಎರಡಕ್ಕೂ ಆಗುತ್ತದೆ. ಪ್ಯಾರಬಾಲಿಕ್ ಎಂಬ ಹೆಸರಿನ ಆಳವಾದ ಸಾಫ್ಟ್‌ಬಾಕ್ಸ್‌ಗಳು ಹನ್ನೆರಡು ಅಡಿಯಲ್ಲಿ ಎರಡೂವರೆ ಅಡಿಯನ್ನು ತಾವೇ ತಿಂದುಬಿಡುತ್ತವೆ, ಅವನ್ನು ಬಿಡಿ.

ಈಗ ಸೀರೆಗೆ ಬರೋಣ. ನಿಮ್ಮ ಕೆಲಸದ ನಿಜವಾದ ಪರೀಕ್ಷೆ ಇರುವುದು ಅಲ್ಲಿಯೇ. ಹತ್ತಿಯ ಒಡಲಿನ ಇಳಕಲ್ ಸೀರೆಯಲ್ಲಿ ಸೆರಗು ಮತ್ತು ಅಂಚು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುತ್ತದೆ. ನೇಕಾರರು ಒಡಲಿನ ಮತ್ತು ಸೆರಗಿನ ಹಾಸುಗಳನ್ನು, ಅಂದರೆ ಉದ್ದನೆಯ ಎಳೆಗಳನ್ನು, ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹಾಗಾಗಿ ಒಂದೇ ಚೌಕಟ್ಟಿನೊಳಗೆ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವ ಹತ್ತಿಯೂ, ಕನ್ನಡಿಯಂತೆ ಒಂದೇ ದಿಕ್ಕಿಗೆ ಎಸೆಯುವ ಸೆರಗೂ ಇರುತ್ತವೆ. ಹತ್ತಿಗೆ ದೀಪ ಯಾವ ಕೋನದಲ್ಲಿದ್ದರೂ ಚಿಂತೆಯಿಲ್ಲ. ಸೆರಗಿಗೆ ಕೋನವೇ ಎಲ್ಲ. ಬೆಳಕು ಎಷ್ಟು ಓರೆಯಾಗಿ ಬಿತ್ತೋ ಅಷ್ಟೇ ಓರೆಯಾಗಿ ಮರಳುತ್ತದೆ. ಆ ದಾರಿಯಲ್ಲಿ ಕ್ಯಾಮೆರಾ ಇದ್ದರೆ ಸೆರಗು ಬಿಳಿಚಿಕೊಳ್ಳುತ್ತದೆ. ಇದನ್ನು ಕಂಡುಹಿಡಿಯಲು ಒಂದು ಕೈಗನ್ನಡಿ ಸಾಕು. ಸೆರಗು ಇರುವ ಜಾಗದಲ್ಲಿ, ಸೆರಗಿನ ಓರೆಯಲ್ಲೇ ಕನ್ನಡಿಯನ್ನು ಯಾರಾದರೂ ಹಿಡಿಯಲಿ, ನೀವು ಕ್ಯಾಮೆರಾ ಇರುವಲ್ಲಿ ಕಣ್ಣಿಟ್ಟು ನೋಡಿ. ಕನ್ನಡಿಯಲ್ಲಿ ಸಾಫ್ಟ್‌ಬಾಕ್ಸ್ ಕಂಡರೆ ಅಲ್ಲಿ ಹೊಳಪು ಬರುತ್ತದೆ. ದೀಪವನ್ನು ಬದಿಗೆ ಸರಿಸುತ್ತಾ ಹೋಗಿ, ಅದರ ಅಂಚು ಮಾತ್ರ ಕಾಣುವ ಜಾಗದಲ್ಲಿ ನಿಲ್ಲಿಸಿದರೆ ರೇಷ್ಮೆ ರೇಷ್ಮೆಯಾಗಿಯೇ ಕಾಣುವಷ್ಟು ಮಿನುಗು ಉಳಿಯುತ್ತದೆ. ಒಡವೆಗೂ ಕನ್ನಡಕಕ್ಕೂ ಇದೇ ಉಪಾಯ.

ಸೆರಗು ಕೆಡಲು ಇನ್ನೊಂದು ಕಾರಣ ಕ್ಯಾಮೆರಾದೊಳಗಿದೆ. ಇಳಕಲ್ ಸೀರೆಯ ಸಾಂಪ್ರದಾಯಿಕ ತೋಪತೆನಿ ಸೆರಗಿನ ಗಾಢ ಕೆಂಪು ಸೆನ್ಸರ್‌ನ ಕೆಂಪು ಚಾನೆಲ್ ಒಂದನ್ನೇ ತುಂಬಿಬಿಡುತ್ತದೆ. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಬಿಳಿಯ ಹಿಸ್ಟೊಗ್ರಾಮ್ ಎಲ್ಲ ಸರಿಯಿದೆ ಎಂದು ತೋರಿಸುತ್ತಿರುವಾಗಲೇ ಕೆಂಪು ಮಿತಿ ದಾಟಿ, ನೇಯ್ಗೆಯ ಎಳೆಗಳೆಲ್ಲ ಒಂದೇ ಕೆಂಪು ಹಾಳೆಯಾಗಿರುತ್ತವೆ. ಮೂರು ಬಣ್ಣಗಳ ಹಿಸ್ಟೊಗ್ರಾಮನ್ನು ಬೇರೆ ಬೇರೆಯಾಗಿ ನೋಡಿ, ಕೆಂಪು ಬಲತುದಿಗೆ ಬಡಿಯುತ್ತಿದ್ದರೆ ಅರ್ಧ ಸ್ಟಾಪ್ ಇಳಿಸಿ.

ಸೀರೆಗೂ ಮುಖಕ್ಕೂ ಒಂದೇ ಮಾಡಿಫೈಯರ್, ಅಂದರೆ ಸಾಫ್ಟ್‌ಬಾಕ್ಸಿನಂಥ ಬೆಳಕು ತಿದ್ದುವ ಸಲಕರಣೆ, ಸಾಲುವುದಿಲ್ಲವೆಂಬುದನ್ನು ಬಹಳ ಮಂದಿ ಕೊಂಡ ಮೇಲೆ ತಿಳಿಯುತ್ತಾರೆ. ಮುಖಕ್ಕೆ ಹಿತವಾದ ಮೂರು ಅಡಿಯ ಆಕ್ಟಾ ಪೂರ್ಣ ನಿಲುವಿನ ಸೀರೆಗೆ ಹಿತವಲ್ಲ: ಮುಖದಿಂದ ಮೂರಡಿ ದೂರವಿರುವ ದೀಪ ನೆರಿಗೆಯ ಕೆಳತುದಿಯಿಂದ ಆರೇಳು ಅಡಿ ದೂರವಿರುತ್ತದೆ, ಕೆಳಗೆ ಎರಡು ಸ್ಟಾಪಿಗೂ ಹೆಚ್ಚು ಕತ್ತಲೆಯಾಗುತ್ತದೆ. ದೀಪವನ್ನು ಏಳೆಂಟು ಅಡಿ ದೂರ ಒಯ್ದರೆ ತಲೆಯಿಂದ ಕಾಲಿನವರೆಗೆ ಬೆಳಕು ಸಮನಾಗುತ್ತದೆ, ಆದರೆ ಅಲ್ಲಿ 90 ಸೆಂಟಿಮೀಟರ್ ಚಿಕ್ಕದಾಗಿಬಿಡುತ್ತದೆ. ಇಲ್ಲಿಯೇ ಬಿಳಿ ಗೋಡೆ ಸಹಾಯಕ್ಕೆ ಬರುವುದು. ಸ್ಟ್ರೋಬಿಗೆ ಸಾಮಾನ್ಯ ರಿಫ್ಲೆಕ್ಟರ್ ಹಾಕಿ ಬಿಳಿ ಗೋಡೆಯ ಕಡೆಗೆ ತಿರುಗಿಸಿ ಹೊಡೆಯಿರಿ. ಆರಡಿ ಅಗಲ ಎಂಟಡಿ ಎತ್ತರದ ಗೋಡೆಯ ತುಂಡೇ ದೀಪವಾಗುತ್ತದೆ. ಕಿಟಕಿಯ ಬೆಳಕಿಗೆ ಇದಕ್ಕಿಂತ ಹತ್ತಿರದ ನಕಲು ನನಗೆ ಗೊತ್ತಿಲ್ಲ. 400ರ ಶಕ್ತಿ ನಿಜವಾಗಿ ಬೇಕಾಗುವುದು ಇಂಥ ಕೆಲಸಕ್ಕೆ. ಗೋಡೆ ಅನುಕೂಲವಾಗದಿದ್ದರೆ 165 ಸೆಂಟಿಮೀಟರ್‌ನ, ಒಳಗೆ ಬಿಳಿಯಿರುವ ಅಂಬ್ರೆಲಾ ಮತ್ತು ಅದರ ಮುಂದೆ ಕಟ್ಟುವ ಡಿಫ್ಯೂಷನ್ ಬಟ್ಟೆ ತೆಗೆದುಕೊಳ್ಳಿ. ಅದು ಸಾಫ್ಟ್‌ಬಾಕ್ಸಿಗಿಂತ ಬಹಳ ಅಗ್ಗ. ಅದರ ದೋಷವೆಂದರೆ ಬೆಳಕನ್ನು ನಾಲ್ಕೂ ಕಡೆ ಚೆಲ್ಲುವುದು, ಆದ್ದರಿಂದಲೇ ಎದುರು ಗೋಡೆಗೆ ಕಪ್ಪು ಪರದೆ ಹೇಳಿದ್ದು. ಎದುರು ಬದಿಯ ನೆರಳು ತಿಳಿಯಾಗಬೇಕಾದರೆ ಎರಡನೆಯ ದೀಪ ಹಚ್ಚುವ ಬದಲು ಒಂದು ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿ.

ಪೂರ್ಣ ನಿಲುವಿನ ಚಿತ್ರಕ್ಕೆ ಉದ್ದ ಸಾಕೇ ಎಂಬುದನ್ನೂ ಲೆಕ್ಕ ಹಾಕಿದ್ದೇನೆ. ಹಿನ್ನೆಲೆಯಿಂದ ಐದು ಅಡಿ ಮುಂದೆ ರೂಪದರ್ಶಿ, ಅವರಿಂದ ಹತ್ತು ಅಡಿಗೆ ಕ್ಯಾಮೆರಾ, ಹಿಂದೆ ನಿಮಗೆ ಮೂರು ಅಡಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿಲಿಮೀಟರ್ ಲೆನ್ಸ್ ಏಳು ಅಡಿ ಎತ್ತರವನ್ನು ಹಿಡಿಯುತ್ತದೆ. ಚಿಕ್ಕ ಸೆನ್ಸರ್‌ನದಾದರೆ 35 ಮಿಲಿಮೀಟರ್ ಬೇಕು.

ಸೀರೆಯ ಬಣ್ಣದ ವಿಷಯದಲ್ಲಿ ದೀಪದ ಗುಣಮಟ್ಟ ನಿಜವಾಗಿ ಎಣಿಕೆಗೆ ಬರುತ್ತದೆ. ಪ್ರೊಫೋಟೊ, ಬ್ರಾನ್‌ಕಲರ್, ಎಲಿಂಕ್ರೋಮ್‌ನಂಥ ಯುರೋಪಿನ ದುಬಾರಿ ದೀಪಗಳ ಬೆಳಕು ಬೇರೆಯದೇ ಜಾತಿಯದೆಂದು ಕೆಲವರು ನಂಬುತ್ತಾರೆ. ಒಂದು ಹೊಡೆತದ ಚಿತ್ರವನ್ನು ನೋಡಿ ಯಾವ ದೀಪವೆಂದು ಹೇಳುವುದು ನನಗಂತೂ ಸಾಧ್ಯವಾಗಿಲ್ಲ. ಆ ಹಣಕ್ಕೆ ಸಿಗುವುದು ನೂರನೆಯ ಹೊಡೆತವೂ ಮೊದಲನೆಯದರಂತೆಯೇ ಇರುವ ನಿಯತ್ತು, ಚುರುಕಾದ ಮಿಂಚು, ವರ್ಷಗಟ್ಟಲೆ ಬಾಳುವ ಮೈಕಟ್ಟು. ಅಗ್ಗದ ದೀಪಗಳಲ್ಲಿ ಶಕ್ತಿ ಬದಲಿಸಿದಾಗ ಬಣ್ಣವೂ ಜಾರುತ್ತದೆ: ಕೆಪಾಸಿಟರ್‌ನ ವೋಲ್ಟೇಜ್ ಇಳಿಸಿ ಶಕ್ತಿ ತಗ್ಗಿಸುವ ಹಳೆಯ ಬಗೆಯ ದೀಪ ಕೆಳಗಿಳಿದಂತೆ ತುಸು ಕೆಂಪಾಗುತ್ತದೆ, ಮಿಂಚನ್ನು ಅರ್ಧದಲ್ಲೇ ಕತ್ತರಿಸುವ ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನ ಬಗೆಯದು ನೀಲಿಯಾಗುತ್ತದೆ. ಮುಖ್ಯ ದೀಪ ಪೂರ್ತಿಯಲ್ಲೂ ಇನ್ನೊಂದು 1/16ರಲ್ಲೂ ಇದ್ದರೆ ಸೀರೆಯ ಎರಡು ಬದಿ ಎರಡು ಬಣ್ಣ. ವ್ಯಾಪಾರಿಯೊಬ್ಬರು ನಾನು ತೆಗೆದ ಕಡುಗೆಂಪು ಸೀರೆಯನ್ನು ಗಿರಾಕಿ ಹಿಂದಿರುಗಿಸಿದರೆಂದು ತಂದು ತೋರಿಸಿದಾಗ ಈ ಪಾಠ ನನಗೆ ಚೆನ್ನಾಗಿ ತಾಗಿತು. ಅಂದಿನಿಂದ ಪ್ರತಿ ಸೀರೆಯ ಮೊದಲ ಚಿತ್ರದಲ್ಲಿ, ಬಣ್ಣ ಹೊಂದಿಸಿಕೊಳ್ಳಲು, ಬೂದು ಕಾರ್ಡ್ ಹಿಡಿಸುತ್ತೇನೆ.

ಆದ್ದರಿಂದ ಅಂಗಡಿಗೆ ಹೋಗುವಾಗ ಕ್ಯಾಮೆರಾ ಮತ್ತು ಬೂದು ಕಾರ್ಡ್ ತೆಗೆದುಕೊಂಡು ಹೋಗಿ. ಪೂರ್ತಿ ಶಕ್ತಿಯಲ್ಲಿ, 1/4ರಲ್ಲಿ, ಅತಿ ಕಡಿಮೆಯಲ್ಲಿ ತಲಾ ಇಪ್ಪತ್ತು ಹೊಡೆತ, ಬಿಡುವಿಲ್ಲದೆ. ಕಂಪ್ಯೂಟರ್‌ನಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಬೆಳಕು ಕಾಲು ಸ್ಟಾಪಿಗಿಂತ ಹೆಚ್ಚು ಏರಿಳಿದರೆ ಕ್ಯಾಟಲಾಗ್ ಕೆಲಸಕ್ಕೆ ಅದು ಬೇಡ. ಕೊಳವೆಗೆ ಅಥವಾ ಮೇಲಿನ ಗಾಜಿಗೆ ಅಲ್ಟ್ರಾವಯೊಲೆಟ್ ತಡೆಯುವ ಲೇಪವಿದೆಯೇ ಎಂದೂ ಕೇಳಿ. ಬಟ್ಟೆ ಸೋಪಿನ ಪುಡಿಯಲ್ಲಿರುವ ಬೆಳ್ಪುಕಾರಕಗಳು ಆ ಕಿರಣಕ್ಕೆ ನೀಲಿಯಾಗಿ ಬೆಳಗುವುದರಿಂದ, ಲೇಪವಿಲ್ಲದ ದೀಪದಲ್ಲಿ ಬಿಳಿ ಪಂಚೆ, ಬಿಳಿ ಅಂಗಿ ಏನು ಮಾಡಿದರೂ ನೀಲಿಯಾಗಿಯೇ ಬರುತ್ತವೆ. ಸಾಫ್ಟ್‌ಬಾಕ್ಸ್ ಸಿಕ್ಕಿಸುವ ಮೌಂಟ್ ಮಾತ್ರ ಬೋವೆನ್ಸ್ ಮಾದರಿಯದೇ ಇರಲಿ. ಆ ಬ್ರಿಟಿಷ್ ಕಂಪನಿ 2017ರಲ್ಲಿ ಮುಚ್ಚಿತಾದರೂ ಅದರ ಎಸ್ ಮೌಂಟ್ ಎಲ್ಲರ ಸ್ವತ್ತಾಗಿ ಉಳಿದಿದೆ. ಆ ಮೌಂಟಿನದಾದರೆ ಯಾವ ಊರಿನಲ್ಲಿ ಕೊಂಡ ಸಾಫ್ಟ್‌ಬಾಕ್ಸಾದರೂ ಹೊಂದುತ್ತದೆ. ಎರಡೂ ದೀಪಗಳು ಒಂದೇ ರೇಡಿಯೊ ಟ್ರಿಗರ್‌ಗೆ ಓಗೊಡುವಂತಿರಬೇಕು. ಬೆಳಕನ್ನು ತಾನೇ ಅಳೆದು ಹೊಂದಿಸುವ ಟಿಟಿಎಲ್, ಅತಿವೇಗದ ಶಟರ್‌ನಲ್ಲೂ ಮಿಂಚು ಹೊಡೆಯುವ ಹೈಸ್ಪೀಡ್ ಸಿಂಕ್‌ಗಳಿಗೆಂದು ಹೆಚ್ಚು ಹಣ ಕೊಡಬೇಡಿ. ನಾಲ್ಕು ಗೋಡೆಯೊಳಗೆ ನಿಮಗೆ ಅವು ಬೇಕಾಗುವುದಿಲ್ಲ.

ಕರೆಂಟಿನ ವಿಷಯದಲ್ಲಿ ಎಚ್ಚರಿಕೆಯ ಮಾತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸ್ಟ್ರೋಬ್ ಪ್ರತಿ ಹೊಡೆತದ ನಂತರ ಕೆಪಾಸಿಟರ್ ತುಂಬಿಕೊಳ್ಳಲು ಒಮ್ಮೆಲೇ ಬಹಳ ವಿದ್ಯುತ್ ಎಳೆಯುತ್ತದೆ. ಮನೆಯ ಚೌಕ ಅಲೆಯ ಇನ್ವರ್ಟರ್‌ಗೆ ಅದನ್ನು ಹಚ್ಚಬೇಡಿ. ಇನ್ವರ್ಟರ್ ಕೈಕೊಡಬಹುದು, ದೀಪದ ಬೋರ್ಡೂ ಸುಡಬಹುದು. ಪ್ಯೂರ್ ಸೈನ್ ವೇವ್‌ನದೇ ಬೇಕು, ಅದೂ ಸಾಕಷ್ಟು ದೊಡ್ಡದು. ಅದಕ್ಕೆ ಹಾಕುವ ಹಣದಲ್ಲಿ ಒಂದು ದೀಪವನ್ನು ಬ್ಯಾಟರಿಯದೇ ಕೊಂಡರೆ ಹೆಚ್ಚು ಲಾಭ: ಕರೆಂಟ್ ಹೋದರೂ ಕೆಲಸ ನಿಲ್ಲದು, ಸೀಮಂತಕ್ಕೂ ಮದುವೆಗೂ ಒಯ್ಯಬಹುದು. ಅದರ ನಷ್ಟವೆಂದರೆ ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುವ ಖರ್ಚು, ಮತ್ತು ಬೆಳಕು ಎಲ್ಲಿ ಬೀಳುತ್ತದೆಂದು ತೋರಿಸಲು ಒಂದೇ ಸಮ ಉರಿಯುವ ಮಾಡಲಿಂಗ್ ಲ್ಯಾಂಪ್ ಹಚ್ಚಿಟ್ಟರೆ ಚಾರ್ಜ್ ಬೇಗ ಕರಗುವುದು. ಹಳೆಯ ಮನೆಯಾದ್ದರಿಂದ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ತ್ರೀ ಪಿನ್ ಸಾಕೆಟ್ಟೇ ಇರಲಿ. ಹ್ಯಾಲೊಜನ್ ಮಾಡಲಿಂಗ್ ಲ್ಯಾಂಪ್ ಇರುವ ದೀಪಕ್ಕೆ ಸಾಗಣೆಯ ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಸ್ವಿಚ್ ಒತ್ತಿದರೆ ಮುಚ್ಚಳ ಕರಗಿ ಕೊಳವೆಗೆ ಅಂಟುತ್ತದೆ. ಇದನ್ನು ಸಹಾಯಕ ಹುಡುಗರಿಗೂ ಹೇಳಿಡಿ.

ಹಾಗಾದರೆ ನಾನಾಗಿದ್ದರೆ ಏನು ಮಾಡುತ್ತಿದ್ದೆ? ಮೊದಲು ಬಣ್ಣ, ಪರದೆ, ಹಾಸು, ಅರ್ಥಿಂಗ್. ನಂತರ ಬೆಳಕು ಬದಿಗೆ ಚೆಲ್ಲದಂತೆ ತಡೆಯುವ ಗ್ರಿಡ್ ಸಮೇತದ 90 ಸೆಂಟಿಮೀಟರ್ ಆಕ್ಟಾ ಒಂದು, 165ರ ಅಂಬ್ರೆಲಾ ಒಂದು, ಅಲುಗಾಡದ ಎರಡು ಸ್ಟ್ಯಾಂಡ್, ಅವುಗಳ ಕಾಲಿಗೆ ಮರಳು ಚೀಲ. ಉಳಿದ ಹಣದಲ್ಲಿ 400ರ ವರ್ಗದ ಎರಡು ದೀಪ, ಒಂದು ಬ್ಯಾಟರಿಯದು, ಒಂದು ಕರೆಂಟಿನದು. ಹಣ ಸಾಲದೆ ಬಂದರೆ ಬ್ಯಾಟರಿಯದೊಂದನ್ನೇ ಕೊಂಡು ಆರು ತಿಂಗಳು ಒಂದೇ ದೀಪ ಮತ್ತು ಥರ್ಮೋಕೋಲ್‌ನಲ್ಲಿ ಕೆಲಸ ಮಾಡಿ. ಎರಡನೆಯದನ್ನು ಗಳಿಕೆಯಿಂದ ಕೊಳ್ಳಿ. ಮೂರು ದೀಪದ ಕಿಟ್ ಬೇಡ. ಅದರ ಜೊತೆಗೆ ಬರುವ ಸಾಫ್ಟ್‌ಬಾಕ್ಸ್‌ಗಳು ಸಾಮಾನ್ಯವಾಗಿ ಸಣ್ಣವು, ಸ್ಟ್ಯಾಂಡ್‌ಗಳು ತೆಳುವು, ಮತ್ತು ನಿಮ್ಮ ತೊಂದರೆ ಹುಟ್ಟಿದ್ದೇ ಸಣ್ಣ ಸಾಫ್ಟ್‌ಬಾಕ್ಸಿನಿಂದ. ಬ್ಯೂಟಿ ಡಿಶ್, ಸ್ನೂಟ್, ಸ್ಟ್ರಿಪ್ ಬಾಕ್ಸ್‌ನಂಥ ವಿಶೇಷ ಕೆಲಸದ ಮಾಡಿಫೈಯರ್‌ಗಳನ್ನು ಆ ಕೆಲಸ ಎದುರಾದಾಗ ನೋಡಿಕೊಳ್ಳಬಹುದು.

ನಿಮ್ಮ ಬಳಿಯ ಹಳೆಯ ದೀಪಗಳನ್ನು ಎಸೆಯಬೇಕಾಗಿಲ್ಲ. ಒಂದು ಹಿನ್ನೆಲೆಯನ್ನು ಬೆಳಗಿಸಲಿ, ಇನ್ನೊಂದು ಸಣ್ಣ ಸಾಫ್ಟ್‌ಬಾಕ್ಸ್ ಸಮೇತ ಹಿಂದಿನಿಂದ ಕೂದಲಿಗೆ ಅಂಚುಬೆಳಕು ಕೊಡಲಿ. ಆ ಕೆಲಸಕ್ಕೆ ಸಣ್ಣದೇ ಒಳ್ಳೆಯದು. ಆದರೆ ಅವನ್ನು ತಂತಿಯ ಮೂಲಕ ಡಿಜಿಟಲ್ ಕ್ಯಾಮೆರಾಕ್ಕೆ ನೇರವಾಗಿ ಜೋಡಿಸಬೇಡಿ, ಹಳೆಯ ಕೆಲವು ಫ್ಲ್ಯಾಶ್‌ಗಳ ಸಿಂಕ್ ತುದಿಯಲ್ಲಿ ನೂರಾರು ವೋಲ್ಟ್ ಇರುತ್ತದೆ. ಹೊಸ ದೀಪದ ಮಿಂಚಿಗೆ ತಾವೇ ಓಗೊಡುವ ಸ್ಲೇವ್ ಕಣ್ಣಿನಿಂದ ಹೊಡೆಸಿ. ಬಹಳ ದಿನ ಬಳಸದೆ ಇಟ್ಟಿದ್ದರೆ ಕಡಿಮೆ ಶಕ್ತಿಯಲ್ಲಿ ಅರ್ಧ ಗಂಟೆ ಹಚ್ಚಿಟ್ಟು, ಆಮೇಲೆ ನಿಧಾನವಾಗಿ ಏರಿಸುತ್ತಾ ಹೊಡೆಯಿರಿ, ಒಳಗಿನ ಕೆಪಾಸಿಟರ್ ಮತ್ತೆ ಹದಕ್ಕೆ ಬರುತ್ತದೆ. ಕೆಟ್ಟಿದ್ದರೆ ಮಾತ್ರ ನೀವೇ ಬಿಚ್ಚಬೇಡಿ: ಪ್ಲಗ್ ತೆಗೆದು ಗಂಟೆಗಳಾದ ಮೇಲೂ ಆ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ.